ಒಂದು ಭಾನುವಾರದ ಮುಯ್ಯಿ

ನಾವು ಮಲಗುವ ಕೋಣೆಯ ಮೇಲೆ ಬೇರೊಬ್ಬರ ತೆಂಗಿನಕಾಯಿಗಳು ವಾಸವಾಗಿವೆ ಎಂಬುದು ಈ ಮನೆಗೆ ಬಂದ ಮೊದಲ ರಾತ್ರಿಯೇ ತಿಳಿಯಿತು. ತಲೆಯ ಮೇಲೆ ಏನೋ ಉರುಳಿತು, ನಿಂತಿತು, ಮತ್ತೆ ಉರುಳಿತು. ಬೆಳಿಗ್ಗೆ ಮನೆಯ ಒಡತಿ ಗೌರಮ್ಮ ಏಣಿ ಹೊತ್ತುಕೊಂಡು, ಕದ ಕೂಡ ತಟ್ಟದೆ ನೇರವಾಗಿ ಒಳಗೆ ಬಂದು ಅಟ್ಟ ಹತ್ತಿದರು.

"ಇಲಿ ಇರ್ಬೇಕು ಮೇಷ್ಟ್ರೇ, ಹೆದರ್ಕಬೇಡಿ. ಕೆಳಗಡೆ ನೀವಿರಿ, ಮೇಲ್ಗಡೆ ಕಾಯಿ ಇರ್ತವೆ. ಮೊದ್ಲೇ ಹೇಳಿದ್ನಲ್ಲ."

ಹೇಳಿದ್ದರು ನಿಜ. "ಅಟ್ಟ ಮಾತ್ರ ನಮ್ಗೆ ಬೇಕು" ಎಂದಾಗ ಹಳೆಯ ಪಾತ್ರೆ ಪಡಗ ಇಡುತ್ತಾರೆಂದುಕೊಂಡಿದ್ದೆ. ಈ ಸೀಮೆಯಲ್ಲಿ ಕಾಯಿಯನ್ನು ಮಟ್ಟೆ ಸಮೇತ, ಅಂದರೆ ಮೇಲಿನ ನಾರಿನ ಸಿಪ್ಪೆ ಸಮೇತ, ಅಟ್ಟಕ್ಕೆ ಹಾಕುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಕತ್ತಲಲ್ಲಿದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗುತ್ತದೆ. ನಡುನಡುವೆ ಗೌರಮ್ಮ ಬಂದು ನಮ್ಮ ಅಡುಗೆಮನೆಯ ಹಳೆಯ ಒಲೆಯಲ್ಲಿ ಮಟ್ಟೆ ಹೊತ್ತಿಸಿ ಹೊಗೆ ಕೊಟ್ಟು ಹೋಗುತ್ತಾರೆ. ನಾವು ಕೆಮ್ಮುತ್ತಾ ಜಗಲಿಯಲ್ಲಿ ಕೂರುತ್ತೇವೆ.

ನಮ್ಮ ವಿಜಯಪುರದ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಕಾಲ ಕೆಳಗೆ ದವಸ, ತಲೆಯ ಮೇಲೆ ಆಕಾಶ. ಇಲ್ಲಿ ಬೆಳೆ ತಲೆಯ ಮೇಲಿದೆ, ಆಕಾಶ ತೆಂಗಿನ ಗರಿಗಳ ಸಂದಿಯಲ್ಲಿ ತುಂಡುತುಂಡಾಗಿದೆ. ಹಗೇವು ತೆಗೆಯುವುದನ್ನು ನಾನು ಕಣ್ಣಾರೆ ಕಂಡಿದ್ದೆನೋ, ಅಪ್ಪ ಹೇಳಿದ್ದನ್ನೇ ಕಂಡೆನೆಂದು ನಂಬಿದ್ದೇನೋ, ಈಗ ಖಚಿತವಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದರ ಫಲ ಇಷ್ಟೇ: ಯಾರ ಸಾಕ್ಷಿಯನ್ನೂ ನಂಬುವುದಿಲ್ಲ, ನನ್ನದನ್ನಂತೂ ಮೊದಲೇ ಇಲ್ಲ.

ಇಲ್ಲಿಗೆ ಬಂದದ್ದು ಪ್ರೀತಿಯಿಂದಲ್ಲ, ದಣಿವಿನಿಂದ. ತುಮಕೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮೊದಲು ಅದೇ ಊರಿನ ಬಟವಾಡಿಯಲ್ಲಿದ್ದೆವು. ಹೆದ್ದಾರಿಯ ಲಾರಿಗಳು ರಾತ್ರಿಯಿಡೀ ನಮ್ಮ ಮಂಚದ ಪಕ್ಕದಲ್ಲೇ ಗೇರ್ ಬದಲಿಸಿದಂತಿರುತ್ತಿತ್ತು. ಅಲ್ಲಿಂದ ಉಪ್ಪಾರಹಳ್ಳಿ. ಅಲ್ಲಿಯೂ ನನ್ನ ಮನಸ್ಸು ಒಗ್ಗಲಿಲ್ಲ. ಅಷ್ಟರಲ್ಲಿ ಹೆಂಡತಿ ಕಸ್ತೂರಿಗೆ ಕುಣಿಗಲ್ ಕಡೆಯ ಶಾಲೆಗೆ ವರ್ಗವಾಯಿತು. ಇಬ್ಬರಿಗೂ ನಡುವೆ ಸಿಗುವ ಊರು ಹುಡುಕಿ, ಕುಣಿಗಲ್ ರಸ್ತೆಯಿಂದ ಸ್ವಲ್ಪ ಒಳಗಿರುವ ಈ ಹಳ್ಳಿಗೆ ಬಂದೆವು. ಬೆಳಿಗ್ಗೆ ಅವಳು ದಕ್ಷಿಣದ ಬಸ್ಸು, ನಾನು ಉತ್ತರದ ಬಸ್ಸು. ಸಂಜೆ ಇಬ್ಬರೂ ಮಾತಾಡಲಾರದಷ್ಟು ಸುಸ್ತಾಗಿ ಬಂದು ತಲುಪುತ್ತಿದ್ದೆವು.

ಆ ಫಾಲ್ಗುಣದಲ್ಲಿ ಊರಿನಿಂದ ಅಣ್ಣನ ಫೋನು ಬಂತು. ನಮ್ಮ ತಾಲ್ಲೂಕಿನ ಕಾಲೇಜಿನಲ್ಲೇ ಇತಿಹಾಸಕ್ಕೆ ಜಾಗ ಖಾಲಿಯಾಗಿದೆ, ಆಡಳಿತದವರೊಂದಿಗೆ ಮಾತಾಡಿದ್ದೇನೆ, ಯುಗಾದಿ ಮುಗಿದ ಭಾನುವಾರ ಸಂಜೆಯೊಳಗೆ ಹೌದೋ ಅಲ್ಲವೋ ಹೇಳು ಎಂದ. ಹೌದೆನ್ನುವುದೆಂದು ಆಗಲೇ ಗೊತ್ತುಮಾಡಿಕೊಂಡಿದ್ದೆ. ಕಸ್ತೂರಿ ಮಾತ್ರ ತಾಟು ತೊಳೆಯುತ್ತಾ, "ಹೋಗೂಣಂತ. ಆದ್ರ ಅಲ್ಲಿ ಹೋದಮ್ಯಾಲೆ ಮತ್ತ ಎಲ್ಲಿಗೆ ಹೋಗೂದು, ಅದನ್ನೂ ಈಗ ಹೇಳಿಬಿಡ್ರಿ. ಗಂಟು ಬಿಚ್ಚೂದರಾಗ ಅರ್ಧ ಆಯುಷ್ಯ ಹೋತು" ಎಂದಳು.

ಆ ಭಾನುವಾರವೇ ಗೌರಮ್ಮನವರ ಕಾಯಿ ಅಟ್ಟದಿಂದ ಇಳಿಯುವ ದಿನವೂ ಆಗಿತ್ತು.

ಬೆಳಗಾಗುವಷ್ಟರಲ್ಲಿ ಅಂಗಳದ ತುಂಬ ಜನ. ಗೌರಮ್ಮನ ಮಗ ಲೋಕೇಶ ಅಟ್ಟದ ಮೇಲಿಂದ ಕಾಯಿ ಎಸೆಯುತ್ತಿದ್ದ. ಅಂಗಳದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಚುಚ್ಚಿ ಗಂಡಸರು ಮಟ್ಟೆ ಸುಲಿಯುತ್ತಿದ್ದರು. ಹೊಂಗೆಮರದ ಕೆಳಗೆ ಸಾಲಾಗಿ ಕೂತ ಹೆಂಗಸರು ಕೊಬ್ಬರಿ ಒಡೆಯದಂತೆ ಚಿಪ್ಪು ಮಾತ್ರ ಬಿಡಿಸುತ್ತಿದ್ದರು. ಮನೆಯೊಳಗೆ ಓದಿಕೊಂಡು ಕೂರಲು ಜಾಗವಿಲ್ಲದೆ ಹೊರಗೆ ಬಂದೆ. ನಿಂತು ನೋಡುವುದಕ್ಕೆ ನಾಚಿಕೆಯಾಗಿ ಒಂದು ಕಾಯಿ ಮೊನೆಗೆ ಚುಚ್ಚಿದೆ. ಅದು ಅಲ್ಲೇ ಸಿಕ್ಕಿಕೊಂಡಿತು.

ಪಕ್ಕದ ಮನೆಯ ರಂಗಪ್ಪ ನಕ್ಕ. "ಬುಡಿ ಮೇಷ್ಟ್ರೇ. ಬರೀ ಬುಕ್ಕು ಸುಲ್ದೋರ್ಗೆ ಕಾಯಿ ಎಲ್ಲಿ ಬಗ್ಗುತ್ತೆ?"

"ಏನ್ಲಾ ರಂಗ," ಎಂದರು ಗೌರಮ್ಮ, ಕೈ ನಿಲ್ಲಿಸದೆ. "ಹೋದ್ಸಲ ಸೊಂಟ ಉಳ್ಕಿಸ್ಕಂಡು ಹೆಂಡ್ತಿ ಕೈಲಿ ಎಣ್ಣೆ ನೀವುಸ್ಕಂಡೋನು ನೀನೇ ಅಲ್ವೇನ್ಲಾ?"

ಹೆಂಗಸರ ಸಾಲಿನಿಂದ ರಂಗಪ್ಪನ ಹೆಂಡತಿ, "ಇನ್ನೂ ನೀವ್ತಾನೇ ಇದೀನಿ ಕಣಕ್ಕ" ಎಂದಳು. ಆ ನಗುವಿನಲ್ಲಿ ನನ್ನನ್ನು ಎಲ್ಲರೂ ಮರೆತರು. ನಾನು ಮಂಕರಿಗೆ ಮಟ್ಟೆ ತುಂಬಿ ಹಿತ್ತಲಿಗೆ ಹೊರತೊಡಗಿದೆ. ಬುದ್ಧಿ ಬೇಡದ ಕೆಲಸ. ಹೊರುವುದು, ಸುರಿಯುವುದು, ಬರುವುದು. ಹೊಂಗೆಯ ಚಿಗುರಿನ ನೆರಳು ತಂಪಾಗಿತ್ತು. ಅದರ ತಿಳಿನೇರಳೆ ಹೂವು ಹೆಂಗಸರ ತಲೆಯ ಮೇಲೆ, ಕೊಬ್ಬರಿಯ ಮೇಲೆ ಉದುರುತ್ತಿತ್ತು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮಾವಿನಕಾಯಿಯ ಹೋಳು. ಉಂಡು ಮಟ್ಟೆಯ ರಾಶಿಗೆ ಒರಗಿ ಕೂತೆ. ಕಣ್ಣು ತೆರೆದೇ ಇತ್ತು, ಏನನ್ನೂ ಹುಡುಕುತ್ತಿರಲಿಲ್ಲ. ಇಲ್ಲಿರಬೇಕೋ ಹೋಗಬೇಕೋ ಎಂದು ಎಷ್ಟೋ ವರ್ಷದಿಂದ ಒಳಗೆ ಗಿರಗುಟ್ಟುತ್ತಿದ್ದ ಯಂತ್ರ ನಿಂತಿತ್ತು. ನಿಂತ ಮೇಲೆಯೇ ಅದು ಎಷ್ಟು ಸದ್ದು ಮಾಡುತ್ತಿತ್ತೆಂದು ತಿಳಿದದ್ದು.

ಸಂಜೆ ಅಣ್ಣನ ಫೋನು ಬಂದಾಗ, "ಬರೂದಿಲ್ಲಣ್ಣ" ಎಂದುಬಿಟ್ಟೆ. ಅವನು ಕಾರಣ ಕೇಳಿದ. "ದಣದೀನಿ" ಎಂದೆ. ಅವನು ಫೋನಿಟ್ಟ. ಆ ಮೇಲೆ ಬಹಳ ದಿನ ಮಾತಾಡಲಿಲ್ಲ.

ಅನುಮಾನ ಆಮೇಲೆ ಶುರುವಾಯಿತು. ಒಂದು ದಿನದ ನೆಮ್ಮದಿ ನಂಬಿ ಹುಟ್ಟಿದೂರನ್ನು ಬಿಟ್ಟುಕೊಟ್ಟೆನಲ್ಲ, ಆ ದಿನ ನಿಜಕ್ಕೂ ಹಾಗಿತ್ತೇ? ಕಸ್ತೂರಿಯನ್ನು ಕೇಳಿದೆ.

"ಯಾವ ನೆಮ್ಮದಿ? ಬೆನ್ನು ಬೆನ್ನು ಅಂತ ನರಳಿಕೋತ ಕುಂತಿದ್ರಿ. ಬಸ್ಸಾರು ಖಾರ ಆತಂತ ನೀರ ಮ್ಯಾಲೆ ನೀರು ಕುಡದ್ರಿ."

"ಹೊಂಗೆ ಹೂವು ಉದರತಿತ್ತಲ್ಲ?"

"ಅದು ಮುಂದಿನ ವಾರ."

ಗೌರಮ್ಮನನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಅವತ್ತಾ? ಮದ್ಯಾನದ್ ಮೇಲೆ ನೀವು ಒಂದ್ ಮಾತೂ ಆಡ್ಲಿಲ್ಲ. ಮಟ್ಟೆಗೆ ಒರಗ್ಕಂಡು ಸುಮ್ನೆ ಕೂತಿದ್ರಿ. ಮೇಷ್ಟ್ರಿಗೆ ಹುಷಾರಿಲ್ಲ ಅಂತ ನಾವೇ ಪಿಸಪಿಸ ಅಂದ್ಕೊಂಡ್ವಿ" ಎಂದರು.

ಸಾಕ್ಷಿಗಳು ಇಷ್ಟೇ. ಹೊರಗಿನಿಂದ ನೋಡಿದವರಿಗೆ ನನ್ನ ನೆಮ್ಮದಿ ಕಾಯಿಲೆಯ ಹಾಗೆ ಕಂಡಿತ್ತು. ಬಹುಶಃ ಬೆನ್ನುನೋವು, ಬಿಸಿಲು, ಹೊಟ್ಟೆತುಂಬ ಮುದ್ದೆ ಸೇರಿ ಬಂದ ಮಂಪರನ್ನೇ ನಾನು ಏನೋ ದೊಡ್ಡದೆಂದು ತಿಳಿದಿರಬೇಕು. ಆದರೆ ಅಣ್ಣನಿಗೆ ಹೇಳಿದ ಮಾತು ಮಾತ್ರ ಮಂಪರಿನದಾಗಿರಲಿಲ್ಲ. ಅದಕ್ಕೆ ಅಣ್ಣನೇ ಸಾಕ್ಷಿ.

ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಲೋಕೇಶ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಏನ್ ಕೆಲ್ಸ ಐತೆ ಹೇಳಿ ಸಾರ್. ಅಮ್ಮ ಕಳ್ಸವ್ಳೆ. ಮುಯ್ಯಾಳು."

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಕಾಯಿ ಇಳಿಸಿದ ದಿನ ಬಂದವರು ಯಾರೂ ಕೂಲಿಗೆ ಬಂದವರಲ್ಲ. ಗೌರಮ್ಮನ ಮನೆಗೆ ಅವರು ಒಂದು ದಿನ ದುಡಿದರೆ, ಅವರ ಮನೆಗೆ ಗೌರಮ್ಮನ ಮನೆಯ ಒಬ್ಬರು ಹೋಗಿ ಒಂದು ದಿನ ದುಡಿಯಬೇಕು. ಅದು ಮುಯ್ಯಿ, ಹಾಗೆ ಹೋಗುವವನು ಮುಯ್ಯಾಳು. ರಂಗಪ್ಪನ ಮನೆಯದು ತೀರಿತ್ತು, ಉಳಿದವರದ್ದೂ ತೀರಿತ್ತು. ಉಳಿದದ್ದು ನಾನು.

"ಅಯ್ಯೋ, ನಾ ಸುಮ್ಮನ ಮಾಡಿದ್ದಪ್ಪ. ಬಿಡು" ಎಂದೆ. ಗೌರಮ್ಮ ಹಿಂದೆಯೇ ಬಂದರು.

"ಅದೆಂಗೆ ಬುಡಕಾಗುತ್ತೆ ಮೇಷ್ಟ್ರೇ? ಮನೆ ಬಿಡೋದು ಕಟ್ಟೋದು ನಿಮ್ಗೆ ಅಭ್ಯಾಸ. ನಾಳೆ ನೀವು ಗಂಟು ಕಟ್ಕಂಡು ಹೊಂಟೋದ್ರೆ, ಕೈ ನೀಡಿದ ಮನೇಗೆ ಕೈ ನೀಡ್ಲಿಲ್ಲ ಅನ್ನೋ ಮಾತು ನಮ್ಮೇಲೆ ಉಳೀತದೆ."

ನನಗೆ ಹೊಲವಿಲ್ಲ, ತೋಟವಿಲ್ಲ. ಬಾಡಿಗೆ ಮನೆಯ ಅರ್ಧ ಭಾಗವೂ ಅವರದೇ. ಮಾಡಿಸಿಕೊಳ್ಳಲು ಒಂದು ಕೆಲಸವೂ ಇಲ್ಲದ ಮನುಷ್ಯ ನಾನೆಂದು ಅವತ್ತು ಆ ಬಾಗಿಲಲ್ಲಿ ಗೊತ್ತಾಯಿತು. ಊರಲ್ಲಿ ತೊಗರಿ ಹೊಲವಿದೆ, ನನ್ನ ಪಾಲಿನದನ್ನೂ ಅಣ್ಣನೇ ಮಾಡುತ್ತಾನೆ, ಕೊಯ್ಲಿಗೆ ಆಳು ಸಿಗುವುದಿಲ್ಲವೆಂದು ಪ್ರತಿ ವರ್ಷ ಒದ್ದಾಡುತ್ತಾನೆ ಎಂದು ಮಾತಿಗೆ ಹೇಳಿದೆ. ಮಾತು ಅಲ್ಲಿಗೆ ಮುಗಿಯಲಿ ಎಂದೇ ಹೇಳಿದ್ದು.

"ಯಾವಾಗ ಕೊಯ್ತೀರಾ?" ಎಂದರು ಗೌರಮ್ಮ.

"ಸಂಕ್ರಾಂತಿಗಿಂತ ಮುಂಚೆ."

ಅವರು ಮಗನ ಕಡೆ ತಿರುಗಿದರು. "ಅಷ್ಟೊತ್ಗೆ ನಮ್ ರಾಗಿ ಕೊಯ್ದು ಮೆದೆ ಹಾಕಿರ್ತೀವಿ. ಒಕ್ಕಣೆಗಿನ್ನೂ ಟೈಮಿರುತ್ತೆ. ಹೋಗ್ಬರಾನ ಕಣೋ. ನಾನೂ ಬತ್ತೀನಿ. ಗುಬ್ಬಿಲಿ ಹುಟ್ಟಿ ಇಲ್ಲಿಗೆ ಬಂದಿದ್ದೇ ಬಂದಿದ್ದು, ಅತ್ಲಾಗೆ ಯಾವೂರೂ ನೋಡ್ಲಿಲ್ಲ."

ತಮಾಷೆಯೆಂದುಕೊಂಡೆ. ತಮಾಷೆಯಲ್ಲ. ದೀಪಾವಳಿ ಕಳೆದ ಮೇಲೆ ಲೋಕೇಶ ತುಮಕೂರಿನಿಂದ ರೈಲು ಎಷ್ಟು ಹೊತ್ತಿಗೆಂದು ವಿಚಾರಿಸಿಕೊಂಡು ಬಂದ. ಹೀಗಾಗಿ ಅಷ್ಟು ದಿನದ ಮೌನ ಮುರಿದು ಅಣ್ಣನಿಗೆ ನಾನೇ ಫೋನು ಮಾಡಬೇಕಾಯಿತು. ತೊಗರಿ ಕೊಯ್ಯಲು ಇಲ್ಲಿಂದ ಜನ ಬರುತ್ತಾರೆ, ಕೂಲಿಗಲ್ಲ ಮುಯ್ಯಿಗೆ, ಎಂದೆ. ಎಲ್ಲ ಕೇಳಿಸಿಕೊಂಡು ಅಣ್ಣ ಕೇಳಿದ:

"ಅವ್ರು ಬರ್ತಾರ ಅಂದಿ. ನೀ ಬರ್ತೀಯೇನು?"

"ಅವರ ಜೋಡಿನ ಬರ್ತೀನಿ. ಅವರ ಜೋಡಿನ ಹೊಳ್ಳಿ ಬರ್ತೀನಿ."

"ಬರ್ರಿ ಹಂಗಾರ," ಎಂದ. ಹುಟ್ಟಿದಾಗಿನಿಂದ 'ಬಾ' ಎಂದವನು 'ಬರ್ರಿ' ಎಂದದ್ದು ಎಲ್ಲರನ್ನೂ ಸೇರಿಸಿ ಇರಬೇಕು. ಆಮೇಲೆ ಅವರು ಏನು ಉಣ್ಣುತ್ತಾರೆ, ರೊಟ್ಟಿ ನಡೆಯುತ್ತದೋ ಇಲ್ಲವೋ, ಎಲ್ಲ ವಿವರವಾಗಿ ಕೇಳಿಕೊಂಡ. ಫೋನಿಡುವ ಮೊದಲು ತಡೆದು, ಮನೆಗೆ ಬಂದ ನೆಂಟರನ್ನು ಕೇಳುವ ದನಿಯಲ್ಲೇ ಕೇಳಿದ:

"ನಿನಗೇನು ಮಾಡಸ್ಲಿ?"