ಮೂರು ನಿಮಿಷ ಊದು, ಪುಟ್ಟಿ

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಇಇಜಿ ತೆಗೆಯುವುದು ನನ್ನ ಕೆಲಸ. ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸುವ ಪರೀಕ್ಷೆ ಅದು. ಒಂದು ಬೆಳಿಗ್ಗೆ ಭದ್ರಾವತಿಯಿಂದ ಶಾಲಾ ಟೀಚರೊಬ್ಬರು ಎಂಟು ವರ್ಷದ ಮಗಳನ್ನು ಕರೆತಂದರು. ಅವಳು ಪಾಠದ ನಡುವೆ, ಊಟದ ನಡುವೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಎತ್ತಲೋ ನೋಡುತ್ತಾಳಂತೆ.

"ನಂಗಂತೂ ಇದು ನಾಟಕ ಅನ್ಸುತ್ತೆ ಮೇಡಂ. ಡಾಕ್ಟ್ರು ಹೇಳಿದ್ರು ಅಂತ ಬಂದೆ," ಎಂದರು ತಾಯಿ.

ಬೈತಲೆ ತೆಗೆದು ಒಂದೊಂದೇ ತಂತಿ ಅಂಟಿಸುವಾಗ ಮಗು ಕೇಳಿತು, "ಆಂಟಿ, ಕರೆಂಟ್ ಹೊಡಿಯುತ್ತಾ?"

"ಇಲ್ಲ ಮಾರಾಯ್ತಿ. ನಿನ್ ತಲೇಲೇ ಒಂಚೂರು ಕರೆಂಟಿದೆ, ಅದನ್ನ ನೋಡ್ತೀನಿ ಅಷ್ಟೆ."

ಜೋರಾಗಿ ಉಸಿರಾಡಿದರೆ ಕೆಲವು ಮಕ್ಕಳಲ್ಲಿ ತೊಂದರೆ ಅಲ್ಲೇ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಕಾಗದದ ಗಿರಗಿಟ್ಲೆ ಕೊಟ್ಟು, "ಮೂರು ನಿಮಿಷ ಊದು, ಪುಟ್ಟಿ," ಎಂದೆ. ಎರಡು ನಿಮಿಷವಾಗಿರಬಹುದು, ಗಿರಗಿಟ್ಲೆ ನಿಂತಿತು. ಮಗುವಿನ ಕಣ್ಣು ತೆರೆದೇ ಇತ್ತು. ಪರದೆಯ ಮೇಲಿನ ಸಣ್ಣ ಗೆರೆಗಳೆಲ್ಲ ಒಮ್ಮೆಲೇ ಎತ್ತರದ ಅಲೆಗಳಾದವು.

"ಕೆಂಪು ಹಸು," ಎಂದೆ ಗಟ್ಟಿಯಾಗಿ, ಅವಳಿಗೆ ಕೇಳಿಸುತ್ತದೋ ಎಂದು ನೋಡಲು.

ಹತ್ತು ಸೆಕೆಂಡಿಗೆ ಅಲೆಗಳು ಅಡಗಿದವು. ಮಗು ಏನೂ ಆಗಿಲ್ಲವೆಂಬಂತೆ ಮತ್ತೆ ಊದತೊಡಗಿತು.

"ಈಗ ನಾನೇನಂದೆ ಪುಟ್ಟಿ?"

"ಊದು ಅಂದ್ರಿ."

"ಆಮೇಲೆ?"

ಅವಳು ಅಮ್ಮನ ಮುಖ ನೋಡಿದಳು. "ಏನೂ ಅನ್ಲಿಲ್ವಲ್ಲ."

ತಾಯಿ ಕುರ್ಚಿಯಿಂದ ಎದ್ದಿದ್ದರು. "ಇವ್ಳಿಗೆ ಕೇಳ್ಸೇ ಇಲ್ವಾ ಮೇಡಂ? ಬೇಕಂತ ಮಾಡ್ತಿರ್ಲಿಲ್ವಾ?"

ಏನಾಗಿದೆಯೆಂದು ಹೇಳಬೇಕಾದವರು ಡಾಕ್ಟರು, ನಾನಲ್ಲ. ಆದರೆ ಆ ಮುಖ ನೋಡಿ ಸುಮ್ಮನಿರಲಾಗಲಿಲ್ಲ. "ಬೇಕಂತ ಮಾಡಿದ್ದಲ್ಲಮ್ಮ. ಉಳಿದದ್ದು ಡಾಕ್ಟ್ರು ಹೇಳ್ತಾರೆ."

"ಮೊನ್ನೆ ಶ್ಲೋಕ ಅರ್ಧಕ್ಕೇ ನಿಲ್ಸಿದ್ಲು ಅಂತ ಹೊಡೆದ್ಬಿಟ್ಟೆ," ಎಂದರು ಮೆಲ್ಲಗೆ.

ತಂತಿ ತೆಗೆದ ಮೇಲೆ ಕೂದಲಿಗೆ ಮೆತ್ತಿದ್ದ ಪೇಸ್ಟ್ ಒರೆಸಲು ಬಿಸಿನೀರು, ಹತ್ತಿ ತಂದೆ. ತಾಯಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಎಳೆ ಎಳೆಯಾಗಿ ಒರೆಸಿದರು. ಹೊರಗೆ ಮುಂದಿನವರು ಕಾಯುತ್ತಿದ್ದರೂ ನಾನು ಅವಸರ ಮಾಡಲಿಲ್ಲ. "ಅಮ್ಮ, ಕಚಗುಳಿ ಆಗುತ್ತೆ," ಎಂದು ಮಗು ನಕ್ಕಿತು.

ಡಾಕ್ಟರು ಅದು ಮೂರ್ಛೆರೋಗದ ಒಂದು ಬಗೆಯೆಂದು ಹೇಳಿ ಮಾತ್ರೆ ಬರೆದರು. ಕೆಲವು ತಿಂಗಳಾದ ಮೇಲೆ ಇಬ್ಬರೂ ಮರುಪರೀಕ್ಷೆಗೆ ಬಂದರು. ಈ ಸಲ ಅಲೆಗಳು ಕೊನೆಯವರೆಗೂ ಶಾಂತವಾಗಿದ್ದವು.

ಹೊರಡುವಾಗ ತಾಯಿ ಹೇಳಿದರು, "ಹೊಡೆದಿದ್ದಕ್ಕೆ ಇವ್ಳ ಹತ್ರ ತಪ್ಪಾಯ್ತು ಅಂದೆ ಮೇಡಂ. ಇವ್ಳಿಗೆ ಅದು ನೆನಪೇ ಇಲ್ವಂತೆ."

"ನೆನಪಿದೆ," ಎಂದಳು ಮಗಳು, ಅಮ್ಮನ ಕೈ ಹಿಡಿದುಕೊಂಡು. "ನೀನು ಅಳ್ತೀಯ ಅಂತ ಹಾಗಂದೆ."