ಸೆಲ್ವಿ ಕಿವಿಯಲ್ಲಿ ಹೇಳಿದ ಸಿನಿಮಾ

ಭದ್ರಾವತಿಯ ಮನೆಗಳ ಗಡಿಯಾರಗಳೆಲ್ಲ ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡು ನಡೆಯುತ್ತಿದ್ದ ಕಾಲ ಅದು. ಸಂಜೆ ಸೈರನ್ ಕೂಗಿ ಅಪ್ಪಂದಿರು ಸೈಕಲ್ಲಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ನಮ್ಮ ಕ್ವಾರ್ಟರ್ಸ್ ಸಾಲಿನ ಮಕ್ಕಳು ಒಂದೆರಡು ಸಲ ಸತ್ತು ಬದುಕಿರುತ್ತಿದ್ದೆವು. ಹೀರೋ-ವಿಲನ್ ಆಟದ ನಿಯಮವೇ ಅದು. ವಿಲನ್ ಆದವರು ಕೊನೆಗೆ ಮಣ್ಣಿನಲ್ಲಿ ಬಿದ್ದು ಕಾಲು ಝಾಡಿಸಿ ಸಾಯಬೇಕು. ಹೀರೋ ಆದವರು ಕೈ ಕೊಡವಿಕೊಂಡು ಹೋಗಬೇಕು. ನೀವೂ ಆಡಿರುತ್ತೀರಿ, ನಿಮ್ಮ ಬೀದಿಯಲ್ಲಿ ಅದಕ್ಕೆ ಬೇರೆ ಹೆಸರಿದ್ದೀತು.

ನಾವು ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಆ ವರ್ಷವಷ್ಟೇ ಅಲ್ಲಿಗೆ ಬಂದಿದ್ದೆವು. ನನಗೆ ಒಂಬತ್ತು ವರ್ಷ. ಬಂದ ಹದಿನೈದೇ ದಿನದಲ್ಲಿ ಇಡೀ ಸಾಲಿನ ಜನರನ್ನು ಎರಡು ಪಂಗಡ ಮಾಡಿ ಮುಗಿಸಿದ್ದೆ. ನಲ್ಲಿಯ ಹತ್ತಿರ ಎಲ್ಲರಿಗಿಂತ ಮುಂದೆ ಕೊಡ ತಳ್ಳುವ ಸುಬ್ಬಮ್ಮ ವಿಲನ್. ಕಾಂಪೌಂಡಿನೊಳಗೆ ಬಿದ್ದ ಚೆಂಡನ್ನು ಬೈಯದೆ ವಾಪಸ್ ಕೊಡುವ ಕೊನೆಮನೆ ತಾತ ಹೀರೋ. ಲೆಕ್ಕದ ಮೇಷ್ಟ್ರ ವಿಷಯ ಹೇಳಲೇಬೇಕಿಲ್ಲ. ಅಮ್ಮ ಒಬ್ಬಳು ಮಾತ್ರ ಬೆಳಿಗ್ಗೆ ವಿಲನ್ ಆಗಿದ್ದು ಊಟದ ಹೊತ್ತಿಗೆ ಹೀರೋ ಆಗುತ್ತಿದ್ದಳು.

ಪಕ್ಕದ ಮನೆಯ ಸೆಲ್ವಿ ನನ್ನ ಜೀವದ ಗೆಳತಿ. ಅವರ ಮನೆಮಾತು ತಮಿಳು, ಎದುರು ಮನೆಯವರದು ತೆಲುಗು. ಸೆಲ್ವಿ ಮೂರರಲ್ಲೂ ಜಗಳವಾಡಬಲ್ಲವಳು. ನನ್ನ ತಮಿಳು 'ವಾ', 'ಪೋ'ಗೆ ಮುಗಿದುಹೋಗುತ್ತಿತ್ತು. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು ಕುಟ್ಟಿ ಪೊರಕೆ ಕಡ್ಡಿಗೆ ಮೆತ್ತಿ, ಅವರ ಹಿತ್ತಿಲ ಕಲ್ಲಿನ ಮೇಲೆ ಕೂತು ಇಬ್ಬರೂ ಚಿಗಳಿ ಚೀಪುತ್ತಿದ್ದೆವು. ನಾಲಿಗೆ ಒಡೆಯುವವರೆಗೂ ಬಿಡುತ್ತಿರಲಿಲ್ಲ.

ಒಂದು ದಿನ ಅವರ ನಡುಮನೆಯ ಗೋಡೆಯಲ್ಲಿ ಹೊಸ ಫೋಟೋ ಕಂಡಿತು. ಅವಳ ಅಪ್ಪ ತಮಿಳು ವಾರಪತ್ರಿಕೆಯಿಂದ ಕತ್ತರಿಸಿ, ರಟ್ಟಿಗೆ ಅಂಟಿಸಿ ತೂಗುಹಾಕಿದ್ದರು. ಗುಂಗುರು ಕೂದಲು, ದಪ್ಪ ಮೀಸೆ. ಹಿಂದಿನ ತಿಂಗಳಷ್ಟೇ ಕನ್ನಡದ ಸಿನಿಮಾವೊಂದರಲ್ಲಿ ಈ ಮನುಷ್ಯ ಹೀರೋಯಿನ್ ಮನೆಗೆ ಬೆಂಕಿ ಹಚ್ಚಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

"ಇವ್ನ್ ಫೋಟೋ ಯಾಕೆ ಹಾಕಿದೀರಾ ಮಾರಾಯ್ತಿ? ಇವ್ನು ವಿಲನ್ನು!"

"ನಿಮ್ಮಲ್ಲಿ ವಿಲನ್ನು. ನಮ್ ತಮಿಳಲ್ಲಿ ಅವ್ರು ಹೀರೋ."

"ಅದ್ ಹೆಂಗಾಗುತ್ತೆ? ಒಂದೇ ಮುಖ ಅಲ್ವಾ?"

ಸೆಲ್ವಿ ನೀರು ತರಲು ಒಳಗೆ ಹೋದಳು. ಅವಳು ಬರುವಷ್ಟರಲ್ಲಿ ನಾನು ಜೇಬಿನ ಬಾಲ್‌ಪೆನ್ನಿನಿಂದ ಆ ಫೋಟೋಕ್ಕೆ ಎರಡು ಕೊಂಬು ಮತ್ತು ಎರಡು ಕೋರೆಹಲ್ಲು ಬರೆದುಬಿಟ್ಟಿದ್ದೆ. ಅವಳು ಬೈಯಲಿಲ್ಲ. ನೀರಿನ ಲೋಟ ಕೆಳಗಿಟ್ಟು, ಬಾಗಿಲ ಕಡೆ ಕೈ ತೋರಿಸಿ, "ಪೋ" ಎಂದಳು. ನನಗೆ ಗೊತ್ತಿದ್ದ ಎರಡೇ ತಮಿಳು ಪದಗಳಲ್ಲಿ ಒಂದು ಹಾಗೆ ಬಳಕೆಗೆ ಬಂತು.

ಆಮೇಲಿನ ಎಂಟು ದಿನ ಸೆಲ್ವಿ ನನ್ನ ಕಡೆ ಕಣ್ಣೆತ್ತಿ ನೋಡಲಿಲ್ಲ. ಒಬ್ಬಳೇ ಕುಂಟೆಬಿಲ್ಲೆ ಆಡಿದರೆ ಗೆದ್ದರೂ ಗೆದ್ದಂತಾಗುವುದಿಲ್ಲ. ಒಬ್ಬಳೇ ಕುಟ್ಟಿಕೊಂಡ ಚಿಗಳಿ ಬರೀ ಹುಳಿ. ಕ್ಷಮೆ ಕೇಳಬಹುದಿತ್ತು, ಆದರೆ ತಪ್ಪು ಮಾಡಿದ್ದು ನಾನಲ್ಲ, ಆ ವಿಲನ್ ಎಂದು ಹಟ ಹಿಡಿದಿದ್ದೆ.

ಒಂಬತ್ತನೆಯ ದಿನ ಸೆಲ್ವಿಯೇ ನಮ್ಮ ಬಾಗಿಲಿಗೆ ಬಂದಳು. ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತಳು.

"ಭಾನುವಾರ ನಮ್ಮನೇಲಿ ವಿಸಿಪಿ ತರ್ತಾರೆ. ಅವ್ರ ಪಿಕ್ಚರ್. ಬಂದು ನೋಡು. ಅವ್ರು ಹೀರೋ ಆಗಿದ್ರೆ ನೀನು ನಮ್ಮಪ್ಪಂಗೆ ಸಾರಿ ಕೇಳ್ಬೇಕು."

"ವಿಲನ್ ಆಗಿದ್ರೆ?"

"ನಾನೇ ಆ ಫೋಟೋ ಹರಿದು ಒಲೆಗೆ ಹಾಕ್ತೀನಿ. ಆಮೇಲೆ ನಿನ್ ಜೊತೆ ಮಾತೂ ಆಡಲ್ಲ."

ನಾನು ಗೆದ್ದರೆ ಸೆಲ್ವಿ ಹೋಗುತ್ತಾಳೆ, ಸೋತರೆ ಮರ್ಯಾದೆ ಹೋಗುತ್ತದೆ. ಭಾನುವಾರದವರೆಗೆ ನನಗೆ ಅನ್ನ ಸೇರಲಿಲ್ಲ.

ಅವತ್ತು ಮಧ್ಯಾಹ್ನ ಅವರ ಮನೆಯಲ್ಲಿ ಕರಿದ ಹಪ್ಪಳದ ವಾಸನೆ ತುಂಬಿತ್ತು. ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ದರು. ಸೆಲ್ವಿಯ ಅಣ್ಣ ಕುಮಾರ್ ಟಿವಿಗೆ ಜೋಡಿಸುವ ವಿಸಿಪಿಯನ್ನೂ ಸಿನಿಮಾದ ಕ್ಯಾಸೆಟ್ಟನ್ನೂ ಬಾಡಿಗೆಗೆ ತಂದಿದ್ದ. ಕೇಳಿದ ಸಿನಿಮಾವನ್ನು ಬೇರೆ ಯಾರೋ ತೆಗೆದುಕೊಂಡು ಹೋಗಿದ್ದರಂತೆ, ಅಂಗಡಿಯವನು ಅದೇ ನಟನ ಇನ್ನೊಂದನ್ನು ಕೊಟ್ಟಿದ್ದ. ಅದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ನಾನೂ ಸೆಲ್ವಿಯೂ ಎಲ್ಲರ ಹಿಂದೆ ಗೋಡೆಗೆ ಒರಗಿ ಕೂತೆವು. ತಮಿಳು ರೈಲಿನಂತೆ ಓಡುತ್ತಿತ್ತು. ಸೆಲ್ವಿ ನನ್ನ ಕಿವಿಗೆ ಬಾಯಿಟ್ಟು ಕನ್ನಡದಲ್ಲಿ ಹೇಳತೊಡಗಿದಳು. ಅವಳ ಉಸಿರಿನಲ್ಲಿ ಜೀರಿಗೆ-ಹುಣಸೆಯ ಘಮ.

ಆ ಮನುಷ್ಯ ಬಂದವನೇ ಒಬ್ಬ ಮುದುಕನ ಕೆನ್ನೆಗೆ ಬಾರಿಸಿದ.

"ನೋಡು! ವಿಲನ್ನು!" ಎಂದೆ.

ಸೆಲ್ವಿ ಬಾಯಲ್ಲಿದ್ದ ಚಿಗಳಿಯನ್ನು ಒಂದು ಗಳಿಗೆ ಚೀಪಿದಳು. ಆಮೇಲೆ, "ಆ ತಾತ ಮಕ್ಕಳ ಹಾಲಿಗೆ ನೀರು ಬೆರೆಸ್ತಾನೆ. ಅದಕ್ಕೇ ಹೊಡೆದ್ರು" ಎಂದಳು.

ಅವನು ಕಿರುಚುತ್ತಿದ್ದ ಮಗುವೊಂದನ್ನು ಎತ್ತಿ ಕಾರಿಗೆ ಹಾಕಿಕೊಂಡು ಹೊರಟ.

"ಮಗೂಗೆ ಜ್ವರ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದಾರೆ."

"ಮತ್ತೆ ಯಾಕೆ ಅಷ್ಟು ಕಿರುಚುತ್ತೆ?"

"ಇಂಜೆಕ್ಷನ್ ಅಂದ್ರೆ ಭಯ. ನೀನು ಕಿರುಚಲ್ವಾ?"

ನಿಜವೇ, ನಾನೂ ಕಿರುಚುತ್ತಿದ್ದೆ. ಅಷ್ಟರಲ್ಲಿ ಅವನು ತಲೆ ಹಿಂದಕ್ಕೆ ಹಾಕಿ ಗಹಗಹಿಸಿ ನಕ್ಕ. ಹಾಗೆ ನಗುವವರು ವಿಲನ್‌ಗಳೇ ಎಂದು ನಮ್ಮ ಸಾಲಿನ ಮಕ್ಕಳಿಗೆಲ್ಲ ಗೊತ್ತು. ನಾನು ಸೆಲ್ವಿಯ ಮುಖ ನೋಡಿದೆ. ಅವಳು ಪರದೆಯಿಂದ ಕಣ್ಣು ಕೀಳದೆ, "ದುಃಖ ತುಂಬಾ ಜಾಸ್ತಿ ಆದ್ರೆ ದೊಡ್ಡೋರು ಹಂಗೇ ನಗ್ತಾರೆ" ಎಂದಳು.

"ಬೆನ್ನಟ್ಟಿಕೊಂಡು ಬರ್ತಿರೋ ಬೆಳ್ಳಗಿನವ್ನು ಯಾರು?"

"ಅವ್ನೇ ವಿಲನ್ನು. ನೋಡಕ್ಕೆ ಚೆನ್ನಾಗಿದಾನೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ."

ಕೊನೆಗೆ ಆ ಬೆಳ್ಳಗಿನವನು ಹೊಡೆದ ಏಟಿಗೆ ನಮ್ಮ ಗುಂಗುರು ಕೂದಲಿನವರು ಬಂಡೆಯ ಮೇಲಿಂದ ಬಿದ್ದು ಸತ್ತರು. ನನಗೆ ತಡೆಯಲಾಗಲಿಲ್ಲ. "ಪಾಪ, ಅಷ್ಟು ಒಳ್ಳೆಯವ್ರನ್ನ ಸಾಯಿಸಿಬಿಟ್ರಲ್ಲ" ಎಂದು ಜೋರಾಗಿ ಅತ್ತುಬಿಟ್ಟೆ.

ಮನೆಯವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಕುಮಾರ್ ನಗಲು ಬಾಯಿ ತೆರೆದ. ಸೆಲ್ವಿಯ ಅಮ್ಮ ಅವನ ತೊಡೆ ಚಿವುಟಿದ್ದು ನನಗೆ ಕಂಡಿತು. ನಾನು ಅಳುತ್ತಿದ್ದೇನೆಂದು ಅವನು ನಗುತ್ತಿದ್ದಾನೆ ಅಂದುಕೊಂಡೆ. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಅವಳ ಅಪ್ಪ ಮೊದಲು ಮಗಳ ಮುಖ ನೋಡಿದರು, ಆಮೇಲೆ ನನ್ನದು. ನಿಧಾನವಾಗಿ ತಲೆಯಾಡಿಸಿ, "ಆಮಾ ಕಣ್ಣು, ಹೌದು ಮಗಳೇ. ಪಾವಂ, ಪಾಪ. ತುಂಬಾ ಒಳ್ಳೇ ಮನುಷ್ಯ" ಎಂದರು.

ನಾನು ಮೂಗು ಒರೆಸಿಕೊಂಡು ಅವರ ಮುಂದೆ ನಿಂತು ಸಾರಿ ಕೇಳಿದೆ. ಅವರು ಗೋಡೆಯ ಫೋಟೋ ಕಡೆ ನೋಡಿ, "ಕೊಂಬು ಇರ್ಲಿ ಬಿಡು, ಹೋರಿ ತರ ಚೆನ್ನಾಗಿದಾರೆ" ಎಂದರು. ಸೆಲ್ವಿಯ ಅಮ್ಮ ನನ್ನ ಎರಡೂ ಕೈಗೆ ಹಪ್ಪಳ ಕೊಟ್ಟರು. ಸೆಲ್ವಿ ಅದರಲ್ಲಿ ಒಂದನ್ನು ಕಿತ್ತುಕೊಂಡು ತಿಂದಳು, ಅಂದರೆ ಗೆಳೆತನ ಮತ್ತೆ ಶುರುವಾಯಿತು.

ಆ ಭಾನುವಾರದ ನಂತರ ನನ್ನ ಎರಡು ಪಂಗಡಗಳು ಕಲಸಿಹೋದವು. ನಲ್ಲಿಯ ಹತ್ತಿರ ಸುಬ್ಬಮ್ಮ ಕೊಡ ತಳ್ಳಿದರೆ, ಇವರ ಮನೆಯಲ್ಲೂ ಯಾರಿಗೋ ಜ್ವರವಿರಬಹುದೇ ಎಂದು ಯೋಚಿಸತೊಡಗಿದೆ. ವಿಚಾರಿಸಿದರೆ ಹಾಸಿಗೆ ಹಿಡಿದ ಅತ್ತೆ ಇದ್ದರು. ಈಗ ನಾನೂ ಟೀಚರು. ಗಲಾಟೆ ಮಾಡಿದ ಹುಡುಗರನ್ನು ನನ್ನ ಮುಂದೆ ತಂದು ನಿಲ್ಲಿಸಿದಾಗಲೆಲ್ಲ ಬೈಯುವ ಮುಂಚೆ ಒಂದು ಗಳಿಗೆ ಸುಮ್ಮನಾಗುತ್ತೇನೆ. ಆ ಒಂದು ಗಳಿಗೆ ಸೆಲ್ವಿ ಕೊಟ್ಟಿದ್ದು.

ಸೆಲ್ವಿಯ ಅಪ್ಪನಿಗೆ ನಿವೃತ್ತಿಯಾದ ಮೇಲೆ ಅವರ ಮನೆಯವರು ತಮಿಳುನಾಡಿನ ಧರ್ಮಪುರಿಯ ಕಡೆ ಹೋದರು. ನಾಲ್ಕು ಕಾಗದ ಬಂದವು, ಐದನೆಯದು ಬರಲಿಲ್ಲ. ಹೋದ ವರ್ಷ ಭದ್ರಾವತಿಗೆ ಹೋದಾಗ ನಮ್ಮ ಸಾಲು ನೋಡಿ ಬಂದೆ. ಬಾಗಿಲಿಲ್ಲದ ಮನೆಗಳು, ಹಿತ್ತಿಲಲ್ಲಿ ಆಳೆತ್ತರ ಲಂಟಾನ. ಚಿಗಳಿ ಕುಟ್ಟುತ್ತಿದ್ದ ಕಲ್ಲು ಹುಡುಕಿದೆ, ಸಿಗಲಿಲ್ಲ.

ಮೊನ್ನೆ ಶಿವಮೊಗ್ಗದ ಗೋಪಾಳದ ನಮ್ಮ ಮನೆಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದಾಗ ಅದೇ ಸಿನಿಮಾ ಸಿಕ್ಕಿತು. ಈಗ ಪರದೆಯ ಕೆಳಗೆ ಅರ್ಥ ಬರೆದಿರುತ್ತಾರೆ. ಓದುತ್ತ ಹೋದೆ. ಏಟು ತಿಂದ ಮುದುಕ ಆ ಮಗುವಿನ ಅಜ್ಜ. ಗುಂಗುರು ಕೂದಲಿನವನು ಮಗುವನ್ನು ಕದ್ದುಕೊಂಡು ಹೋಗುತ್ತಿದ್ದಾನೆ. ಬೆಳ್ಳಗಿನವನು ಮಗುವಿನ ಅಪ್ಪ. ಗೋಡೆಯ ಫೋಟೋದವನು ಅಡಿಯಿಂದ ಮುಡಿಯವರೆಗೆ ಅಪ್ಪಟ ವಿಲನ್!

ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅಳು. ಅವತ್ತು ಪಂದ್ಯದಲ್ಲಿ ಸೋತಿದ್ದವಳು ಸೆಲ್ವಿ. ನನ್ನನ್ನು ಕಳೆದುಕೊಳ್ಳಬಾರದೆಂದು ಒಂದು ಇಡೀ ಸಿನಿಮಾವನ್ನು ಕೂತಲ್ಲೇ ಹೊಸದಾಗಿ ಕಟ್ಟಿದ್ದಳು. ಅವಳ ಅಪ್ಪ, ಅಮ್ಮ, ಅಣ್ಣ ಎಲ್ಲರಿಗೂ ಅದು ಗೊತ್ತಾಗಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಈಗ ಪ್ರಪಂಚದ ಯಾವ ಭಾಷೆಯ ಸಿನಿಮಾ ಹಾಕಿದರೂ ತಪ್ಪಿಲ್ಲದ ಅರ್ಥ ಕೆಳಗೆ ಬರುತ್ತದೆ. ಕಿವಿಯ ಹತ್ತಿರ ಚಿಗಳಿ ವಾಸನೆಯ ಉಸಿರು ಬರುವುದಿಲ್ಲ.

ಕೆಳಗಿನ ಅಕ್ಷರಗಳನ್ನು ತೆಗೆದುಹಾಕಿ ಸಿನಿಮಾವನ್ನು ಮತ್ತೆ ಮೊದಲಿನಿಂದ ಹಾಕಿದೆ. ಕಾಫಿ ಲೋಟ ಹಿಡಿದು ಬಂದ ನಮ್ಮ ಯಜಮಾನರು ಹಿಂದೆ ನಿಂತು ಇಣುಕಿದರು.

"ಮಗು ಹೊತ್ಕೊಂಡು ಓಡ್ತಿದಾನಲ್ಲ, ಇವ್ನೇನಾ ವಿಲನ್ನು?"

"ಅಲ್ಲ ಮಾರಾಯ್ರೇ," ಎಂದೆ, "ಮಗೂಗೆ ಜ್ವರ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದಾರೆ."