ಟ್ಯಾಂಕರ್ ದಿನ

ನನ್ನ ಮೊಮ್ಮಗಳ ಕೆಲಸ ಖಾಯಂ ಆಯಿತು! ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಿಕ್ಕದ್ದನ್ನು ಹೇಳಲು ನಾಲಿಗೆ ಓಡುವುದಿಲ್ಲ. ಸುದ್ದಿ ಬಂದ ಹೊತ್ತಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ಎರಡು ಸಲ ಹೇಳಿ ಬಂದೆ.

ಅವಳು ಹಾಸನದ ಒಂದು ಸಣ್ಣ ಆಫೀಸಿಗೆ ಸೇರಿ ಆರು ತಿಂಗಳಾಗಿತ್ತು. ಮೊಸಳೆ ಅನ್ನುವ ಊರಿನ ಪಕ್ಕದ ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಾಲಿನ ಸೊಸೈಟಿಗಳು ಎಷ್ಟೆಷ್ಟು ಹಾಲು ಕಳಿಸಿದವು ಎಂದು ಕಂಪ್ಯೂಟರಿನಲ್ಲಿ ರಿಪೋರ್ಟು ತೋರಿಸುವುದು ಆ ಆಫೀಸಿನ ಕೆಲಸ. ಸಾಫ್ಟ್‌ವೇರು ಎಲ್ಲಿಂದಲೋ ಸಿದ್ಧವಾಗಿ ಬಂದದ್ದು. ಒತ್ತಿದರೆ ಮೂರು ತಾಲ್ಲೂಕಿನ ಲೆಕ್ಕವೂ ಒಟ್ಟಿಗೆ ಸುರಿಯುತ್ತಿತ್ತಂತೆ, ಯಾವ ಹಾಲು ಯಾರದ್ದೋ ತಿಳಿಯುವಂತಿರಲಿಲ್ಲ. ಅವರವರಿಗೆ ಬೇಕಾದದ್ದಷ್ಟೇ ಕಾಣುವ ಹಾಗೆ ಮೇಲುಗಡೆ ಆರಿಸುವ ಬಾಕ್ಸುಗಳನ್ನು ಕೂರಿಸುವುದು ಇವಳ ಪಾಲಿಗೆ ಬಂತು. ಮೊದಲು ತಾಲ್ಲೂಕು. ಅದನ್ನು ಆರಿಸಿದರೆ ಪಕ್ಕದ ಬಾಕ್ಸಿನಲ್ಲಿ ಆ ತಾಲ್ಲೂಕಿನ ಸೊಸೈಟಿಗಳು ಮಾತ್ರ ಬರಬೇಕು. ಆಮೇಲೆ ತಾರೀಖು. ಇದಕ್ಕೆ ಫಿಲ್ಟರು ಅನ್ನುತ್ತಾರೆ ಎಂದಳು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಹಾಲು ಸೋಸುವ ಬಟ್ಟೆಯನ್ನು ನೆನೆದು ಅರ್ಥ ಮಾಡಿಕೊಂಡೆ.

ಎರಡು ಸಲ ಸೊಸೈಟಿ ಸೆಕ್ರೆಟರಿಗಳು ಬಂದು ನೋಡಿದರು. ಎರಡು ಸಲವೂ ತಲೆ ಅಲ್ಲಾಡಿಸಿ ಎದ್ದು ಹೋದರು. "ನಮ್ ಟ್ಯಾಂಕರ್ ಚೀಟಿಗೂ ನಿನ್ ಕಂಪ್ಯೂಟ್ರಿಗೂ ತಾಳೆ ಆಗಾಕಿಲ್ಲ ಕಣವ್ವ" ಅಂದರಂತೆ ಅರಕಲಗೂಡಿನವರು. ಮೂರನೆಯ ಸಲವೂ ಹೀಗೇ ಆದರೆ ಬೇರೆ ಕೆಲಸ ನೋಡಿಕೋ ಎಂದು ಆಫೀಸಿನವರು ಹೇಳಿದ ದಿನದಿಂದ ಹುಡುಗಿಗೆ ಊಟ ಸೇರಲಿಲ್ಲ. ಅವಳು ತಟ್ಟೆ ಸರಿಸಿದರೆ ನಾನೂ ಸರಿಸಿ ಏಳುತ್ತಿದ್ದೆ.

ಭಾನುವಾರ ಲ್ಯಾಪ್‌ಟಾಪು ಹಿಡಿದು ಜಗಲಿಯ ಮೇಲೆ ಕೂತಿದ್ದಳು. ನಾನು ಅವರೆಕಾಯಿ ಬಿಡಿಸುತ್ತ ಪಕ್ಕದಲ್ಲೇ ಕೂತೆ.

"ಒಂದೂ ತಪ್ಪಿಲ್ಲ ಅಜ್ಜಿ, ಹತ್ತು ಸಲ ನೋಡ್ದೆ. ಆದ್ರೂ ಟ್ಯಾಂಕರ್‌ನವ್ರು ಕೊಟ್ಟ ಚೀಟಿಗೆ ಹೊಂದಲ್ಲ."

"ಒಂದಿನದ್ದು ಓದು ಕೇಳಾನ."

"ನಿನ್ನೆ ತಾರೀಖು. ಬೆಳಿಗ್ಗೆ ಹಾಲು ಇಷ್ಟು, ಸಂಜೆ ಹಾಲು ಇಷ್ಟು. ಎರಡೂ ಸೇರಿ ಇಷ್ಟು."

ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ನಲವತ್ತು ವರ್ಷ ಸೊಸೈಟಿಗೆ ಹಾಲು ಹಾಕಿದವಳು ನಾನು.

"ಅಲ್ಲ ಕಣ್ ಮಗಾ, ಟ್ಯಾಂಕರು ಯಾವಾಗ ಬತ್ತದೆ?"

"ಬೆಳಿಗ್ಗೆ ಅಲ್ವಾ?"

"ಬೆಳಿಗ್ಗೆ ಬಂದೋನು ಅವತ್ತು ಸಂಜೆ ಆಲು ಎಂಗೆ ತಗಂಡೋಯ್ತಾನೆ? ಇನ್ನೂ ಅಸೂನ ಕರ್ದೇ ಇರಾಕಿಲ್ಲ!"

ಸಂಜೆ ಹಾಕಿದ ಹಾಲು ಸೊಸೈಟಿಯ ತಣ್ಣನೆ ತೊಟ್ಟಿಯಲ್ಲೇ ಇರುತ್ತದೆ. ಮಾರನೆಯ ಬೆಳಗಿನ ಹಾಲೂ ಅದಕ್ಕೇ ಬೀಳುತ್ತದೆ. ಎರಡನ್ನೂ ಟ್ಯಾಂಕರು ಒಟ್ಟಿಗೆ ತುಂಬಿಕೊಂಡು ಹೋಗುತ್ತದೆ, ಅದಕ್ಕೆ ಒಂದು ಚೀಟಿ. ಹಾಲು ಹಾಕುವವರಿಗೆ ದಿನ ಶುರುವಾಗುವುದೇ ಸಂಜೆಗೆ. ಸೆಕ್ರೆಟರಿಗಳಿಗೆ ಇದು ಉಸಿರಾಡಿದಷ್ಟು ಅಭ್ಯಾಸ, ಬಾಯಿಬಿಟ್ಟು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇವಳು ಕ್ಯಾಲೆಂಡರು ನೋಡಿಕೊಂಡು ಬೆಳಗಿನ ಹಾಲಿಗೆ ಅದೇ ದಿನದ ಸಂಜೆಯ ಹಾಲನ್ನು ಕೂಡಿಸಿದ್ದಳು.

"ಟ್ಯಾಂಕರ್ ಬರೋ ಒತ್ನಲ್ಲಿ ಯಾವತ್ತಾದ್ರೂ ಎದ್ದಿದ್ರೆ ತಾನೆ ಗೊತ್ತಾಗದು" ಎಂದು ಅವಳ ತಾಯಿ, ನನ್ನ ಸೊಸೆ, ಒಳಗಿಂದಲೇ ಚುಚ್ಚಿದಳು.

ಹುಡುಗಿಗೆ ಕೇಳಿಸಿತೋ ಇಲ್ಲವೋ. ಬೆರಳುಗಳು ಆಗಲೇ ಓಡುತ್ತಿದ್ದವು. ತಾರೀಖಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬಾಕ್ಸು ಬಂತು, ಅದಕ್ಕೆ 'ಟ್ಯಾಂಕರ್ ದಿನ' ಎಂದು ಹೆಸರಿಟ್ಟಳು. ಅದಕ್ಕೆ ಗುರುತು ಹಾಕಿದರೆ ಹಿಂದಿನ ಸಂಜೆ, ಆ ಬೆಳಿಗ್ಗೆ ಎರಡೂ ಜೋಡಿಯಾಗಿ ಬರುತ್ತವೆ.

ಗುರುವಾರ ಸೆಕ್ರೆಟರಿಗಳು ಮೂರನೇ ಸಲ ಬರುವವರಿದ್ದರು. ಇವಳು ಬಸ್ಸು ಹತ್ತಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿತು. ನಾನು ಹೇಳಿದ್ದೇ ತಪ್ಪಾಗಿದ್ದರೆ? ನಮ್ಮ ಸೊಸೈಟಿಯಲ್ಲಿ ಹೀಗೆ, ಚನ್ನರಾಯಪಟ್ಟಣದ ಕಡೆ ಬೇರೆ ಪದ್ಧತಿ ಇದ್ದರೆ? ಮುದುಕಿಯ ಮಾತು ಕಟ್ಟಿಕೊಂಡು ಹುಡುಗಿ ಕೆಟ್ಟಳು ಎಂದಾಗಿಬಿಟ್ಟರೆ? ಬಸ್‌ಸ್ಟಾಪಿನವರೆಗೆ ಹೋದೆ, ಫೋನು ಮನೆಯಲ್ಲೇ ಬಿಟ್ಟದ್ದು ನೆನಪಾಗಿ ಓಡಿ ಬಂದೆ. ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಮಾಡಲು ಧೈರ್ಯ ಬರಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಅವಳದ್ದೇ ಫೋನು ಬಂತು.

"ಅಜ್ಜಿ..." ಎಂದಳು.

"ಏನಾಯ್ತೇ? ಬಿಡ್ಸಿ ಹೇಳ್ಬಾರ್ದಾ, ನನ್ ಎದೆ ಒಡ್ದೋಯ್ತದೆ!"

"ಹೊಂದ್ತು ಅಜ್ಜಿ! ಮೂರೂ ತಾಲ್ಲೂಕಿಂದೂ ಹೊಂದ್ತು! ಕೆಲ್ಸ ಖಾಯಂ!"

ಚನ್ನರಾಯಪಟ್ಟಣದವರು ತಾವೇ ಬಾಕ್ಸುಗಳನ್ನು ಒತ್ತಿ, ಜೇಬಿನಿಂದ ಚೀಟಿ ತೆಗೆದು, ಕನ್ನಡಕ ಏರಿಸಿ ಇಳಿಸಿ ನೋಡಿದರಂತೆ. ಹೊಳೆನರಸೀಪುರದವರು ಮೂರು ದಿನದ ಚೀಟಿ ಇಟ್ಟು ನೋಡಿದರಂತೆ. ಅರಕಲಗೂಡಿನವರು ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದ್ದಕ್ಕೆ ಇವಳು "ನಮ್ಮಜ್ಜಿ" ಅಂದಳಂತೆ. "ಅಂಗಾರೆ ಆ ಅಜ್ಜೀನೇ ಕೆಲ್ಸಕ್ಕೆ ಮಡೀಕಳಿ ಸಾ" ಎಂದು ಅವರು ಮೇಲಿನವರಿಗೆ ಹೇಳಿದ್ದಕ್ಕೆ ಆಫೀಸೆಲ್ಲ ನಕ್ಕಿತಂತೆ.

ಅವತ್ತು ಸಂಜೆಯ ಹಾಲು ಹಾಕಿ ಬಂದವಳೇ ಶ್ಯಾವಿಗೆಗೆ ಅಕ್ಕಿ ಹಿಟ್ಟು ಬೇಯಿಸಿದೆ. ಮಗ ಶ್ಯಾವಿಗೆ ಒತ್ತುವ ಒರಳು ತಿರುಗಿಸಿದ, ಸೊಸೆ ಕಾಯಿಹಾಲು ಮಾಡಿದಳು. ನಾಲ್ಕೂ ಜನ ಒಟ್ಟಿಗೆ ಎಲೆಯ ಮುಂದೆ ಕೂತೆವು. ಹುಡುಗಿ ಮೂರು ಸಲ ಹಾಕಿಸಿಕೊಂಡಳು.

"ಅಜ್ಜಿ, ನಾಳೆ ಟ್ಯಾಂಕರ್ ಬರೋ ಹೊತ್ಗೆ ನನ್ನ ಎಬ್ಬಿಸು. ಕಣ್ಣಾರೆ ನೋಡ್ಬೇಕು."

"ನೀನು ಎದ್ರೆ ಟ್ಯಾಂಕರ್‌ನವನೇ ಹೆದ್ರಿ ಓಡೋಯ್ತಾನೆ" ಎಂದ ಅವಳಪ್ಪ.

ನಗುತ್ತಲೇ ಅವಳ ಎಲೆಗೆ ಇನ್ನೊಂದು ಹಿಡಿ ಶ್ಯಾವಿಗೆ ಹಾಕಿದೆ. ಬೇಡ ಅನ್ನಲಿಲ್ಲ.